ಮಗಳಿಗೆ ಮನೆಯಲ್ಲೇ ಪಾಠ ಹೇಳಿದ್ದು

ಶಾಲೆಗಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ನೆರೂಳಿನ ನಮ್ಮ ಮನೆಯ ಹತ್ತಿರವೇ ಮುನಿಸಿಪಲ್ ಮರಾಠಿ ಶಾಲೆಯಿದೆ. ಅಲ್ಲಿಂದ ಮಕ್ಕಳು ನಗುತ್ತ ಹೊರಗೆ ಬರುತ್ತಿದ್ದರು. ಒಳಗೆ ನಿಜವಾಗಿ ಪಾಠ ನಡೆದಿದ್ದರೆ ಹಾಗೆ ನಗುತ್ತಾರೆಯೇ? ಆದ್ದರಿಂದ ಮಗಳು ಶ್ರಾವ್ಯಳಿಗೆ ಆರು ತುಂಬಿದಾಗ, ಅವಳ ವಿದ್ಯಾಭ್ಯಾಸದ ಸಂಪೂರ್ಣ ಹೊಣೆಯನ್ನು ನಾನೇ ವಹಿಸಿಕೊಂಡಿದ್ದೇನೆ ಎಂದು ಘೋಷಿಸಿದೆ.

"ನೀವು ಆಫೀಸಿಂದ ಬರೂದೇ ಏಳು ಗಂಟೆಗೆ. ಪಾಠ ಯಾವಾಗ ಮಾಡೂದು?" ಎಂದಳು ಹೆಂಡತಿ ಶೈಲಜಾ.

"ಸಂಜೆ ಒಂದು ಗಂಟೆ ಸಾಕು. ಶಾಲೇಲಿ ಉಳಿದದ್ದೆಲ್ಲ ಟೈಂಪಾಸ್."

ಅವಳು ತಕ್ಷಣ ಒಪ್ಪಿಬಿಟ್ಟಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮಗಳು ಅದ್ಭುತವಾಗಿ ಮುಂದುವರಿದಳು. ನಾನು ಎರಡರ ಮಗ್ಗಿ ಶುರುಮಾಡುವಷ್ಟರಲ್ಲಿ ಐದರದ್ದು ಒಪ್ಪಿಸಿದಳು. ನಾನು ಕಲಿಸದ ಮರಾಠಿಯನ್ನೂ ಓದಿದಳು. ನನ್ನ ವಂಶದ ಬುದ್ಧಿ ಎಂದುಕೊಂಡೆ. ಸೊಸೈಟಿ ಮೀಟಿಂಗಿನಲ್ಲಿ ನೀರಿನ ಟ್ಯಾಂಕಿನ ಚರ್ಚೆ ಮುಗಿದ ಮೇಲೆ, ಮನೆಪಾಠದ ಮಹತ್ವದ ಕುರಿತು ಭಾಷಣವನ್ನೇ ಮಾಡಿದೆ. ಪಕ್ಕದ ಮನೆಯ ಜೋಶಿ ಕಾಕೂ ಸೆರಗನ್ನು ಬಾಯಿಗೊತ್ತಿಕೊಂಡು ಕೇಳಿದರು. ಭಾವುಕರಾಗಿದ್ದಾರೆ ಅಂದುಕೊಂಡೆ.

ಒಂದು ಭಾನುವಾರ ದೋಸೆ ತಿನ್ನುತ್ತಿದ್ದ ಮಗಳು ಎದ್ದು ನಿಂತು, ಕಿರುಬೆರಳೆತ್ತಿ, ತಾಯಿಯನ್ನು ಕೇಳಿದಳು: "ಬಾಯಿ, ಮೀ ಜಾವೂ ಕಾ?"

ಬಾಯಿ ಎಂದರೆ ಇಲ್ಲಿಯ ಮರಾಠಿ ಶಾಲೆಗಳಲ್ಲಿ ಟೀಚರು. ಸ್ವಂತ ಮನೆಯ ಬಚ್ಚಲಿಗೆ ಹೋಗಲು ಟೀಚರ ಅಪ್ಪಣೆ ಯಾಕೆ?

"ಟೀವಿ ನೋಡಿ ಕಲ್ತದ್ದಿರ್ಬೇಕು," ಎಂದಳು ಶೈಲಜಾ, ಕಾವಲಿಯಿಂದ ಕಣ್ಣೆತ್ತದೆ.

ಮರುದಿನ ಆಫೀಸಿನಿಂದ ಫೋನು ಮಾಡಿ ಮಗಳನ್ನು ಕರೆಯಲು ಹೇಳಿದೆ. "ಮಲಗಿದ್ದಾಳೆ." ಅದರ ಮರುದಿನ, "ಸ್ನಾನಕ್ಕೆ ಹೋಗಿದ್ದಾಳೆ." ಬೆಳಿಗ್ಗೆ ಹನ್ನೊಂದಕ್ಕೆ ಇದೆಂಥ ನಿದ್ದೆ, ಇದೆಂಥ ಸ್ನಾನ?

ಬುಧವಾರ ಸ್ಟೇಷನ್ನಿಗೆ ಹೊರಟವನು ರಿಕ್ಷಾವೊಂದರ ಹಿಂದೆ ಅಡಗಿ ನಿಂತೆ. ಸ್ವಲ್ಪ ಹೊತ್ತಿಗೆ ನೀಲಿ ಯೂನಿಫಾರ್ಮು, ಎರಡು ಜಡೆಯ ಮಗಳು ತಾಯಿಯ ಜೊತೆ ಹೊರಬಂದಳು. ಹಿಂಬಾಲಿಸಿದೆ. ಶಾಲೆಯ ಗೇಟು ಕಂಡದ್ದೇ ಅವಳು ತಾಯಿಯ ಕೈಬಿಟ್ಟು ಓಡಿದಳು. ನನ್ನ ಪಾಠಕ್ಕೆ ಅವಳು ಹಾಗೆ ಓಡಿಬಂದ ನೆನಪಿಲ್ಲ.

ಶೈಲಜಾ ಹಿಂದಿರುಗಿದ ಮೇಲೆ ಕಾಂಪೌಂಡಿನ ಮೇಲಿಂದ ಇಣುಕಿದೆ. ಹಿಂದಿನಿಂದ ವಾಚ್‌ಮನ್ ಕಾಲರು ಹಿಡಿದ.

"ಬಚ್ಚೋಂ ಕೋ ಕಾಯ್ಕೋ ದೇಖ್ತಾ ಹೈ?" ಮಕ್ಕಳನ್ನು ಯಾಕೆ ನೋಡುತ್ತಿದ್ದೀಯ ಎಂದು ಗದರಿದ.

"ಮೇರಾ ಬೇಟಿ ಹೈ," ಎಂದೆ. ನನ್ನ ಮುರುಕು ಹಿಂದಿ ಕೇಳಿ ಅವನ ಸಂಶಯ ಇನ್ನೂ ಹೆಚ್ಚಾಯಿತು. ಮಗಳ ಹೆಸರು ಕೇಳಿಕೊಂಡು, ಎಳೆದುಕೊಂಡು ಹೋಗಿ ಒಂದನೇ ಕ್ಲಾಸಿನ ಬಾಯಿಯ ಮುಂದೆ ನಿಲ್ಲಿಸಿದ. ಅವರು ಶ್ರಾವ್ಯಳನ್ನು ಕರೆದು, ಇವರು ಯಾರೆಂದು ಕೇಳಿದರು.

"ಮಾಝೇ ಪಪ್ಪಾ," ಎಂದಳು ಮಗಳು, ನೆಲ ನೋಡುತ್ತ.

ಬಾಯಿಯ ಮುಖ ಅರಳಿತು. ನನಗೆ ಅರ್ಥವಾಗಲೆಂದು ನಿಧಾನವಾಗಿ, ಬಿಡಿಬಿಡಿಯಾಗಿ ಹಿಂದಿಯಲ್ಲಿ ಹೇಳಿದರು: ದಿನಾ ಸಂಜೆ ಅಪ್ಪನಿಗೆ ಪಾಠ ಹೇಳಿಕೊಡುತ್ತೇನೆ ಎಂದು ಶ್ರಾವ್ಯ ಹೇಳಿದ್ದಾಳೆ. ಅಪ್ಪ ಮಗ್ಗಿಯಲ್ಲಿ ಪರವಾಗಿಲ್ಲ, ಮರಾಠಿಯಲ್ಲಿ ಮಾತ್ರ ಬಹಳ ಹಿಂದೆ ಇದ್ದಾರಂತೆ. ಬೈಯಬೇಡ, ಪ್ರೀತಿಯಿಂದ ಹೇಳಿಕೊಡು ಎಂದು ತಾವೇ ಅವಳಿಗೆ ತಿಳಿಸಿದ್ದಾರಂತೆ.

ನಾನು ಕೈಕಟ್ಟಿ ನಿಂತು, ತಲೆಯಾಡಿಸಿ, ಮರಾಠಿಯಲ್ಲೇ "ಹೋ ಬಾಯಿ," ಎಂದೆ.