ರಾಶಿಗೆ ಮೂರು ಬಾಟಲಿ ಹೆಂಡ

ಮಾನ್ಬೊಕ್‌ಗೆ ಹೆಂಡ ಬಿಡಲು ಹೇಳಿದ್ದು ಡಾಕ್ಟರು; ಬಿಡಿಸಿದ್ದು ಹೆಂಡತಿ ಒಕ್ಬುನ್. "ಕಡಿಮೆ ಮಾಡಿ" ಎಂಬ ಡಾಕ್ಟರ ಮಾತನ್ನು ಆಕೆ "ಮುಟ್ಟಕೂಡದು" ಎಂದು ತಿದ್ದಿ ಜಾರಿಗೆ ತಂದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆಕೆಯ ಯಾವ ಕಾನೂನೂ ರದ್ದಾದ ಚರಿತ್ರೆಯಿಲ್ಲ. ಮಾನ್ಬೊಕ್ ಅಂಗಡಿಯೊಳಗೆ ಕಾಲಿಟ್ಟರೆ ಸಾಕು, ಅಂಗಡಿಯವನು ಮಕ್ಕೊಲ್ಲಿ ಬಾಟಲಿಗಳಿಗೆ ಅಡ್ಡ ನಿಲ್ಲುತ್ತಿದ್ದ. (ಮಕ್ಕೊಲ್ಲಿಯೆಂದರೆ ಹಾಲಿನಂತೆ ಬೆಳ್ಳಗಿರುವ ಅಕ್ಕಿ ಹೆಂಡ. ಗುಡ್ಡದ ಮೇಲೆ ಕೋಸು ಬೆಳೆಯುವವರಿಗೆ ಅದಿಲ್ಲದೆ ಸಂಜೆಯೇ ಆಗುವುದಿಲ್ಲ.)

ಆ ವರ್ಷದ ಕೋಸು ಲಾರಿ ಹತ್ತಿ ಹೋಗಿತ್ತು. ಉಳಿದ ಹೊರಎಲೆಗಳು ಹೊಲದಂಚಿನಲ್ಲಿ ಆಳೆತ್ತರ ಬಿದ್ದು ನಾರುತ್ತಿದ್ದವು. ಬೆಳೆಗಾರರ ಸಂಘಕ್ಕೆ ಭಾಷಣ ಮಾಡಲು ಬಂದವನೊಬ್ಬ, ಒಳ್ಳೆಯ ಸೂಕ್ಷ್ಮಜೀವಿಗಳನ್ನು ಬಿಟ್ಟರೆ ಎರಡೇ ತಿಂಗಳಲ್ಲಿ ಎಲೆಯೆಲ್ಲ ಗೊಬ್ಬರ, ಅಂಥ ಜೀವಿಗಳು ಮಕ್ಕೊಲ್ಲಿಯಲ್ಲೂ ಇವೆ ಎಂದ. ಮುಂದೆ ಅವನು ಹೇಳಿದ್ದೊಂದೂ ಮಾನ್ಬೊಕ್‌ಗೆ ಕೇಳಿಸಲಿಲ್ಲ.

"ಲೇ, ನಮ್ಮ ರಾಶಿಗೆ ವಾರಕ್ಕೆ ಮೂರು ಬಾಟ್ಲಿ ಹೆಂಡ ಬೇಕು ಕಣೇ."

"ರಾಶಿಗಾ?"

"ಮತ್ತೇನ್ ನನಗಾ? ಕೋಟ್ಯಂತರ ಜೀವಿಗಳು, ಪಾಪ, ಹಸ್ಕೊಂಡು ಕೂತಿವೆ!"

"ಆಗ್ಲಿ, ನಾನೇ ತಂದ್ಕೊಡ್ತೀನಿ. ಆದ್ರೆ ಗೊಬ್ಬರ ಆಗ್ಲಿಲ್ಲ ಅಂದ್ರೆ ಹೆಂಡ ಯಾರ ಹೊಟ್ಟೆ ಸೇರ್ತು ಅಂತ ಊರೋರ ಮುಂದೇನೇ ಕೇಳ್ತೀನಿ. ಮಗಳ ಮದ್ವೇಲೂ ನಿಮ್ಗೆ ಬಾರ್ಲಿ ನೀರೇ ಗತಿ, ನೆನಪಿರ್ಲಿ."

ಸಂಜೆಯಾದರೆ ಮಾನ್ಬೊಕ್ ಬಾಟಲಿ ಹಿಡಿದು ರಾಶಿಯ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಜೀವಿಗಳಿಗೆ ಮುಚ್ಚಳ ಮೂಸಿಸಿ, ಮಿಕ್ಕಿದ್ದನ್ನು ತಾನು ಸ್ವೀಕರಿಸುತ್ತಿದ್ದ. ಮೊದಲ ಬಾಟಲಿ ಅಮೃತ. ಎರಡನೆಯದರಿಂದ ಯಾಕೋ ತುಸು ಹುಳಿ, ತುಸು ತೆಳು. ಕಂಪನಿಯವರ ಕೈಗುಣ ಕೆಟ್ಟಿರಬೇಕೆಂದು ಅವರಿಗೆ ಶಾಪ ಹಾಕುತ್ತಲೇ ಖಾಲಿ ಮಾಡಿದ. ಅಮಲಿಗೇನೂ ಕೊರತೆಯಿರಲಿಲ್ಲ. ಬದುವಿನ ಮೇಲೆ ಹಾಡುತ್ತಾ ಓಲಾಡುತ್ತಾ ಬರುತ್ತಿದ್ದ. ಒಮ್ಮೆಯಂತೂ ಮೂಲಂಗಿ ಪಾತಿಯಲ್ಲಿ ಅಂಗಾತ ಬಿದ್ದಿದ್ದ.

ಎರಡು ತಿಂಗಳು ಮುಗಿದವು. ರಾಶಿ ನೋಡಲು ಊರ ಮುಖ್ಯಸ್ಥ ಹ್ವಾಂಗ್ ಸಂಘದವರನ್ನೆಲ್ಲ ಕರೆತಂದ, ಹೆಂಗಸರೂ ಬಂದರು. ಮಾನ್ಬೊಕ್ ಮೆಲ್ಲಗೆ ಎಲ್ಲರ ಹಿಂದೆ ಸರಿದ. ಹನಿ ಹೆಂಡ ಕಾಣದ ರಾಶಿ ಇನ್ನೇನಾಗಿದ್ದೀತು? ಹೋಯಿತು ಮಾನ, ಹೋಯಿತು ಮಗಳ ಮದುವೆಯ ಹೆಂಡ ಎಂದುಕೊಂಡು ಕಣ್ಣು ಮುಚ್ಚಿದ.

ಹ್ವಾಂಗ್ ಸಲಿಕೆ ಹಾಕಿದ. ಬಿಸಿ ಹಬೆ ಎದ್ದಿತು. ಒಳಗೆಲ್ಲ ಕಪ್ಪು, ಪುಡಿಪುಡಿ, ಕಾಡಿನ ಮಣ್ಣಿನ ವಾಸನೆ!

"ಭಲೇ, ಏನಯ್ಯಾ ಮಾಡ್ದೆ ಇದಕ್ಕೆ?"

ಮಾನ್ಬೊಕ್‌ಗೆ ಹೋದ ಜೀವ ಬಂತು. ಜೊತೆಗೆ ಬೇಡದ ನಾಲಿಗೆಯೂ ಬಂತು. "ವಾರಕ್ಕೆ ಮೂರು ಬಾಟ್ಲಿ ಹೆಂಡ. ನನ್ನ ಕೈಯಾರೆ ಹುಯ್ದೆ. ಒಂದ್ ತೊಟ್ಟು ಆಚೀಚೆ ಆಗಿದ್ರೆ ಕೇಳಿ!"

"ಯಾವ್ ಬಾಟ್ಲೀಲಿ ಹೆಂಡ ಇತ್ತು?" ಎಂದಳು ಒಕ್ಬುನ್ ನಿಧಾನಕ್ಕೆ. "ಮೊದಲ್ನೇದು ಬಿಟ್ರೆ ಮಿಕ್ಕಿದ್ದನ್ನೆಲ್ಲ ದಿನಾ ಬೆಳಿಗ್ಗೆ ನಾನೇ ರಾಶಿಗೆ ಹುಯ್ದಿದ್ದೀನಿ. ನಿಮ್ ಕೈಗೆ ಕೊಟ್ಟಿದ್ದು ಅಕ್ಕಿ ತೊಳೆದ ಕಲಗಚ್ಚು. ಚಿಟಿಕೆ ಸಕ್ರೆ ಹಾಕಿ ಹುಳಿ ಬರಿಸಿದ್ದೆ."

"ಸುಳ್ಳು!" ಮಾನ್ಬೊಕ್ ಕಿರುಚಿದ. "ಕಲಗಚ್ಚಿಗೆ ಅಮಲೇರತ್ತೇನೇ? ಹಾಡಿದ್ದೀನಿ! ಮೂಲಂಗಿ ಪಾತೀಲಿ ಬಿದ್ದಿದ್ದೀನಿ!"

ಮಾನ್ಬೊಕ್‌ಗೆ ತಾನಾಡಿದ ಮಾತು ತಾನೇ ಕೇಳಿಸಿದ್ದು ಆಮೇಲೆ.

"ಅಲ್ಲಯ್ಯಾ," ಎಂದ ಹ್ವಾಂಗ್, "ರಾಶಿಗೆ ಹುಯ್ದೆ ಅಂದ್ಯಲ್ಲ?"

ಹೆಂಗಸರು ಆಗಲೇ ಒಕ್ಬುನ್‌ಳನ್ನು ಮುತ್ತಿಕೊಂಡಿದ್ದರು. ಗೊಬ್ಬರದ ಮಾತು ಯಾರೂ ಎತ್ತಲಿಲ್ಲ. ಕಲಗಚ್ಚಿಗೆ ಸಕ್ಕರೆ ಎಷ್ಟು, ಎಷ್ಟು ದಿನ ಇಡಬೇಕು ಎಂದು ಕೇಳಿ ಬರೆದುಕೊಂಡರು. ಅದರಲ್ಲಿ ಹ್ವಾಂಗ್‌ನ ಹೆಂಡತಿಯೂ ಇದ್ದಳು.

ಮನೆಗೆ ಹೋಗುವ ದಾರಿಯಲ್ಲಿ ಮಾನ್ಬೊಕ್ ಕೆಮ್ಮಿ, "ಮದ್ವೇಲಿ ಬಾರ್ಲಿ ನೀರೇನಾ ಹಾಗಾದ್ರೆ?" ಎಂದ.

"ಛೆ ಛೆ, ಬೀಗರ ಮುಂದೆ ಹಾಗ್ ಮಾಡ್ತೀನಾ? ಒಂದ್ ಕೊಡ ಕಲಗಚ್ಚು ಹುಳಿಗಿಡ್ತೀನಿ. ಹೊಟ್ಟೆ ತುಂಬಾ ಕುಡ್ದು ಹಾಡ್ಕೊಳ್ಳಿ."