ಜಮಖಂಡಿಯಲ್ಲಿ ಕಾಫಿ ಬೀಜದ ಸದ್ಬಳಕೆ

ಜಮಖಂಡಿ ತಾಲೂಕಿನಲ್ಲಿ ಯಾರೂ ಕಾಫಿ ಕುಡಿಯುವುದಿಲ್ಲವೆಂಬ ವಿಷಯ ಮೇಲಿನವರ ಗಮನಕ್ಕೆ ಬಂದ ವರ್ಷವೇ ಅಲ್ಲಿ ಕಾಫಿ ಪ್ರಚಾರ ಉಪಕಚೇರಿ ಪ್ರಾರಂಭವಾಯಿತು. ಹುರಿದ ಬೀಜದ ಚೀಲಗಳು ಜಮಖಂಡಿಗೆ ಬಂದವು; ಪುಡಿ ಮಾಡುವ ಯಂತ್ರ ಮುಧೋಳಕ್ಕೆ ಹೋಯಿತು. ಎರಡೂ ತಾಲೂಕುಗಳಿಗೆ ಸಮಾನ ನ್ಯಾಯ ಸಿಗಬೇಕಲ್ಲ! ಸರ್ಕಾರಿ ಬೀಜವನ್ನು ಸರ್ಕಾರಿ ಯಂತ್ರದಲ್ಲಿಯೇ ಪುಡಿ ಮಾಡತಕ್ಕದ್ದು. ಸರ್ಕಾರಿ ಸಾಮಾನು ತಾಲೂಕಿನ ಗಡಿ ದಾಟತಕ್ಕದ್ದಲ್ಲ. ಮುಧೋಳದವರು ಆ ಯಂತ್ರದಲ್ಲಿ ಶೇಂಗಾ ಚಟ್ನಿ ಮಾಡಿಕೊಂಡು, ಯಂತ್ರವು ಸುಸ್ಥಿತಿಯಲ್ಲಿದೆ ಎಂದು ವರದಿ ಕಳಿಸಿದರು.

ಜಮಖಂಡಿಯ ಹಂಗಾಮಿ ಗುಮಾಸ್ತ ಶಿದ್ರಾಮಪ್ಪನಿಗೆ ಮಾತ್ರ ಕಳಿಸಲು ವರದಿಯೇ ಇರಲಿಲ್ಲ. ಯುಗಾದಿಯೊಳಗೆ ಬೀಜ ಖರ್ಚಾದರೆ ನೌಕರಿ ಕಾಯಂ, ಇಲ್ಲದಿದ್ದರೆ ಕಚೇರಿಯೂ ಬಂದ್, ನೌಕರಿಯೂ ಬಂದ್. ಬೀಗರ ಮನೆಯ ಲಗ್ನಕ್ಕೆ ಹೋದಲ್ಲೆಲ್ಲ "ಇನ್ನೂ ಹಂಗಾಮೀನ ಏನ್ರಿ?" ಅನ್ನಿಸಿಕೊಂಡು ಪಾಪ, ಅವನ ಜೀವ ಹಣ್ಣಾಗಿತ್ತು.

ಅವನ ಹೆಂಡತಿ ಕಸ್ತೂರೆವ್ವ ಬಳ್ಳೊಳ್ಳಿ ಸುಲಿಯುತ್ತ ಕೇಳಿದಳು: "ಪುಡಿ ಮಾಡಬ್ಯಾಡ ಅಂದಾರ. ಬಳಸಬ್ಯಾಡ ಅಂದಾರೇನ್ರಿ?"

"ಇಡೀ ಬೀಜ ತಗೊಂಡು ಏನ ಮಾಡತಿ ನೀ?"

ಆಕೆ ಒಂದು ಹಿಡಿ ಬೀಜ ತೆಗೆದು ಎರಡೂ ಅಂಗೈ ತಿಕ್ಕಿಕೊಂಡು ಅವನ ಮೂಗಿಗೆ ಹಿಡಿದಳು. ಬಳ್ಳೊಳ್ಳಿ ವಾಸನೆ ಮಾಯ!

ಅಲ್ಲಿಂದ ಪ್ರಚಾರಕ್ಕೆ ರೆಕ್ಕೆ ಬಂತು. ಓಣಿಯ ಯಂಕವ್ವ ಬೀಜದ ಗಂಟು ಕಟ್ಟಿ ಟ್ರಂಕಿನಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗಿಟ್ಟಳು. ಪಕ್ಕದ ಮನೆಯ ಅನ್ನವ್ವ ಎಣ್ಣೆ ಬಾಟಲಿಯಲ್ಲಿ ಬೀಜ, ಬಿಸಿನೀರು ಹಾಕಿ ಗಡಗಡ ಅಲ್ಲಾಡಿಸಿದಳು. ಕೈ ಹೋಗದ ತಳವೂ ಫಳಫಳ ಅಂದಿತು. ದೇವರ ಮುಂದೆ ಬಟ್ಟಲ ತುಂಬ ಬೀಜ ಸುರಿದು ಊದಿನಕಡ್ಡಿ ಚುಚ್ಚಿದರು. ಬೀಜದ ಗಿಲಕಿ ಕೇಳಿ ಕೂಸುಗಳು ಅಳು ನಿಲ್ಲಿಸಿದವು, ಬೀಜ ತುಂಬಿದ ದಿಂಬಿನ ಮೇಲೆ ಹಿರಿಯರಿಗೆ ನಿದ್ದೆ ಹತ್ತದಾಯಿತು. ಇಷ್ಟೆಲ್ಲ ಆದರೂ ಊರಲ್ಲಿ ಒಬ್ಬರೂ ಕಾಫಿ ಕುಡಿಯಲಿಲ್ಲ. ಶಿದ್ರಾಮಪ್ಪ "ಪ್ರಚಾರ ಪೂರ್ಣ ಯಶಸ್ವಿ" ಎಂದು ಬರೆದ.

ತಪಾಸಣೆಗೆ ಮೈಸೂರು ಕಡೆಯ ಸಾಹೇಬರೊಬ್ಬರು ಬಂದರು. ಟ್ರಂಕು ಮೂಸಿದರು, ಗಿಲಕಿ ಆಡಿಸಿದರು, ಉಪಯೋಗಗಳನ್ನೆಲ್ಲ ಒಂದೊಂದಾಗಿ ಅನುಮೋದಿಸಿದರು. ಆಮೇಲೆ ಶಿದ್ರಾಮಪ್ಪನ ಪಡಸಾಲೆಯಲ್ಲಿ ತಲೆ ಹಿಡಿದುಕೊಂಡು ಕೂತರು.

"ಅಮ್ಮಾ, ಊರೆಲ್ಲಾ ಕಾಫಿ ವಾಸನೆ. ಒಂದು ಲೋಟ ಕಾಫಿ ಎಲ್ಲೂ ಸಿಗೋಲ್ವಾ?"

ಕಸ್ತೂರೆವ್ವನ ಕರುಳು ಚುರ್ ಅಂದಿತು. ಒರಳಿನಲ್ಲಿ ಬೀಜ ಕುಟ್ಟಿ, ಮಹಾಲಿಂಗಪುರದ ಬೆಲ್ಲ ಹಾಕಿ, ಅರಿವೆಯಲ್ಲಿ ಸೋಸಿ ಕೊಟ್ಟಳು. ಸಾಹೇಬರ ಕಣ್ಣಲ್ಲಿ ನೀರೇ ಬಂತು. ಇನ್ನೊಂದು ಲೋಟ ಬೇಡಿ ಕುಡಿದರು. ಪಾತ್ರೆಯಲ್ಲಿ ಉಳಿದ ಗುಟುಕನ್ನು ಕಸ್ತೂರೆವ್ವ ಬಾಯಿಗೆ ಹಾಕಿಕೊಂಡಳು. ಅಬ್ಬಾ, ಎಂಥಾ ರುಚಿ! ಇಂಥದ್ದನ್ನು ಇಷ್ಟು ದಿನ ಕೈಗೆ ತಿಕ್ಕಿಕೊಂಡೆನಲ್ಲ ಎಂದು ಆಕೆಗೆ ಹೊಟ್ಟೆ ಉರಿಯಿತು.

ಸಾಹೇಬರು ತುಟಿ ಒರೆಸಿಕೊಂಡು ಪೆನ್ನು ತೆಗೆದರು.

"ಯಾವ ಬೀಜ ಇದು?"

"ಸರ್ಕಾರದ್ದ ರೀ."

"ಛೆ, ಛೆ. ಅನುಮೋದಿತ ಉಪಯೋಗಗಳಲ್ಲಿ ಕುಡಿಯೋದು ಇಲ್ಲವಲ್ಲಮ್ಮಾ."

ಸಾಹೇಬರು ಅದನ್ನೂ ಬರೆದುಕೊಂಡು ಹೋದರು; ನೌಕರಿ ಹೋಯಿತೆಂದೇ ಶಿದ್ರಾಮಪ್ಪ ತಿಳಿದ. ಆದರೆ ಹದಿನೈದು ದಿನದಲ್ಲಿ ಬಂದ ಆದೇಶ ಹೀಗಿತ್ತು: "ಕಾಫಿ ಬೀಜವನ್ನು ಕುಡಿಯುವ ಉದ್ದೇಶಕ್ಕೆ ದುರುಪಯೋಗಪಡಿಸಿಕೊಳ್ಳುವುದನ್ನು ತಡೆಗಟ್ಟಲು ಒಂದು ಕಾಯಂ ಹುದ್ದೆ ಮಂಜೂರಾಗಿದೆ. ಮೊದಲ ಪ್ರಕರಣ ದಾಖಲಿಸುವ ಗುಮಾಸ್ತನನ್ನೇ ಅದಕ್ಕೆ ನೇಮಿಸತಕ್ಕದ್ದು."

ಸಾಹೇಬರ ಮೇಲೆ ಪ್ರಕರಣ ಹಾಕುವಂತಿಲ್ಲ. ಅವರು ಕುಡಿದದ್ದು ತಪಾಸಣೆ. ಹಾಗಾದರೆ ತಾಲೂಕಿನಲ್ಲಿ ತಪ್ಪಿತಸ್ಥರು ಒಬ್ಬರೇ ಉಳಿದರು. ಶಿದ್ರಾಮಪ್ಪ ಊಟ ಮುಗಿಸಿ, ಕೈ ತೊಳೆದುಕೊಂಡು, ಹೆಂಡತಿಯ ಕೈಗೆ ನೋಟೀಸು ಕೊಟ್ಟ. ಅವಳ ಮುಖ ನೋಡಲು ಅವನಿಂದಾಗಲಿಲ್ಲ.

ಆಕೆ ಓದಿದಳು. "ಸಹಿ ನಿಮ್ಮದ?"

"ಹೂಂ."

"ಕೆಳಗ ಹಂಗಾಮಿ ಅಂತ ಇಲ್ಲಲ್ಲ?"

"ಇಲ್ಲ."

"ಛಲೋ ಆತು ಬಿಡ್ರಿ," ಎಂದು ಆಕೆ ನೋಟೀಸಿನ ಜೊತೆಗಿದ್ದ ತಪ್ಪೊಪ್ಪಿಗೆಗೆ ಸಹಿ ಹಾಕಿದಳು. ಓಣಿಯವರು ಬಂದು ಸಕ್ಕರೆ ತಿಂದು ಹೋದರು.

ಈಗ ಕಾಯಂ ಗುಮಾಸ್ತರು ದಿನಾ ಸಂಜೆ ಮನೆಗೆ ಬಂದವರೇ, ಚಪ್ಪಲಿ ಬಿಡುವ ಮೊದಲು ಹೆಂಡತಿಯ ಬಾಯಿ ಮೂಸಿ ನೋಡುತ್ತಾರೆ. ತಪಾಸಣೆ ಸ್ವಂತ ಮನೆಯಿಂದಲೇ ಆರಂಭವಾಗಬೇಕೆಂದು ನಿಯಮವಿದೆ. ಕಸ್ತೂರೆವ್ವನೂ ಸೆರಗು ಸರಿಮಾಡಿಕೊಂಡು ತಾನೇ ಮುಖ ಎತ್ತಿ ನಿಲ್ಲುತ್ತಾಳೆ.

"ಲಗೂನ ನೋಡ್ರಿ," ಅನ್ನುತ್ತಾಳೆ, "ಒಲಿ ಮ್ಯಾಲ ಚಾ ಉಕ್ಕಾಕತ್ತೈತಿ."