ನಿನ್ನೆಯ ಬಸಳೆಸೊಪ್ಪು

ನನ್ನ ಸೋದರಮಾವನಷ್ಟು ಶಿಸ್ತಾಗಿ ವಾಂತಿ ಮಾಡುವವರು ಶಿರಸಿ ಸೀಮೆಯಲ್ಲೇ ಇರಲಿಲ್ಲ. ನಗಬೇಡಿ, ನಿಮ್ಮ ಪಾಲಿನದನ್ನೂ ನಾನು ನಕ್ಕು ಮುಗಿಸಿದ್ದೇನೆ.

ತೊಂಬತ್ತರ ದಶಕದ ಮಾತು. ಮಾವ ಶಿರಸಿ ಪೇಟೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ. ಕಿರಾಣಿ ಸಾಮಾನಿನ ಚೀಟಿಯನ್ನೂ ಟೈಪು ಮಾಡುವವ, ಅದಕ್ಕೊಂದು ಕಾರ್ಬನ್ ಪ್ರತಿ ಬೇರೆ! ಮಧ್ಯಾಹ್ನ ಉಂಡರೆ ಸಂಜೆಯವರೆಗೂ ಹೊಟ್ಟೆಯುಬ್ಬರ. ನಡೆದರೆ ಒಳಗೆ ಅರ್ಧ ತುಂಬಿದ ಕೊಡದ ಹಾಗೆ ಗುಳುಗುಳು. "ಮಾವ ಬಂದ, ಕೊಡ ಇಳಿಸಿ" ಎಂದು ನಾನು ಕೂಗಿದರೆ ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

ಸಂಜೆ ವಾಂತಿ. ಆಮೇಲೆ ಹಗುರಾಗಿ ಮಷಿನ್ನಿನ ಮುಂದೆ ಕೂತು, ಹೊರಬಂದದ್ದನ್ನೆಲ್ಲ ತಾರೀಖು ಹಾಕಿ ಪಟ್ಟಿ ಮಾಡುತ್ತಿದ್ದ.

"ನಿನ್ನೆ ಉಂಡ ಬಸಳೆಸೊಪ್ಪು ಇವತ್ತು ಬಂತು. ಇದೆಂತದು ಮಾರಾಯ?"

"ಮುಂದಿನ ಬಸ್ಸು ಸಿಕ್ಕಿದ್ದಿಲ್ಲೆ ಕಾಣ್ತು, ಮಾವ. ವಾಪಸ್ ಬಂತು."

ಯಲ್ಲಾಪುರದ ಮದುವೆಯೊಂದರಲ್ಲಿ ಆ ಪಟ್ಟಿಯನ್ನು ಅವನ ಚೀಲದಿಂದ ಎಗರಿಸಿ, ರೇಡಿಯೋ ವಾರ್ತೆಯ ಧಾಟಿಯಲ್ಲಿ ಮೊದಲಿಂದ ಕೊನೆತನಕ ಓದಿದೆ. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಮಾವ ಪಂಕ್ತಿಯಲ್ಲಿ ಎಲೆಯ ಮೇಲಿನದು ಯಾವುದನ್ನೂ ಮುಟ್ಟದೆ ಕೂತಿದ್ದ. ಬೆಲ್ಟಿಗೆ ಹೊಸದಾಗಿ ಮೂರು ತೂತು ಹೊಡೆದುಕೊಂಡಿದ್ದ. ಅದರ ಮೇಲೂ ನಾನೊಂದು ಜೋಕು ಹೇಳಿದೆ. ನೆನೆಸಿಕೊಂಡರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಕೊನೆಗೊಂದು ದಿನ ಕ್ಲಾಸಿನಲ್ಲೇ ತಲೆತಿರುಗಿ ಬಿದ್ದ. ಅಮ್ಮ ಬೈದು ನನ್ನನ್ನು ಅವನ ಜೊತೆ ಆಸ್ಪತ್ರೆಗೆ ಅಟ್ಟಿದಳು. ಡಾಕ್ಟರು ಮಾವನ ಸೊಂಟ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಗುಳುಗುಳು. ಅಭ್ಯಾಸಬಲ, ನಾನು ಕಿಸಕ್ಕೆಂದೆ. ಡಾಕ್ಟರು ನಗಲಿಲ್ಲ. ಗಂಟಲಿಂದ ಪೈಪು ಇಳಿಸಿ ನೋಡಿದ ಮೇಲೆ ಹೇಳಿದರು:

"ಜಠರದಿಂದ ಕರುಳಿಗೆ ಹೋಗೋ ಬಾಗಿಲಲ್ಲಿ ಹುಣ್ಣು. ಅದು ಆಗಿ ಮಾಯ್ದು, ಮತ್ತೆ ಆಗಿ ಮಾಯ್ದು ಬಾಗಿಲೇ ಮುಚ್ತಾ ಬಂದಿದೆ. ಉಂಡದ್ದು ಮುಂದೆ ಹೋಗೂದಿಲ್ಲ. ಇನ್ನೂ ತಡ ಮಾಡಿದ್ರೆ ಜೀವಕ್ಕೇ ಕಷ್ಟ ಇತ್ತು. ಆಪರೇಷನ್ ಆಗಬೇಕು."

ಮಾವ ಸಂಕೋಚದಿಂದ ಚೀಲ ಬಿಚ್ಚಿ ಪಟ್ಟಿಗಳನ್ನು ಮುಂದಿಟ್ಟ. ಡಾಕ್ಟರು ಒಂದೊಂದೇ ಹಾಳೆ ತಿರುವಿ ಓದಿದರು.

"ಕಾಯಿಲೆ ಇದರಲ್ಲೇ ಇದೆಯಲ್ಲ. ಒಂದು ವರ್ಷದಿಂದ ಬರೆದಿದ್ದೀರಿ. ಮನೇಲಿ ಯಾರೂ ನೋಡಲಿಲ್ವಾ?"

ಮಾವ ನನ್ನ ಹೆಗಲ ಮೇಲೆ ಕೈಯಿಟ್ಟ. ಚುಚ್ಚಿ ಹೇಳಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವನ ದನಿಯಲ್ಲಿದ್ದದ್ದು ಹೆಮ್ಮೆ.

"ಇವ ನೋಡಿದಾನೆ ಡಾಕ್ಟ್ರೇ. ಪೂರ್ತಿ ಓದಿದವ ಇವನೊಬ್ಬನೇ."